ಚಳಿಗಾಲದ ದೋಣಿ ರಕ್ಷಣೆ: ಶ್ರಿಂಕ್ ರ‍್ಯಾಪ್ ವಿಧಾನ – ಒಂದು ಪರಿಚಯ

ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿರುವ ಮಹಾಸರೋವರಗಳ ತೀರದಲ್ಲಿ ಪ್ರತಿ ವರ್ಷ ಅಕ್ಟೋಬರ್ ತಿಂಗಳು ಬಂತೆಂದರೆ ಒಂದು ಹೊಸ ವ್ಯಾಪಾರ ಆರಂಭವಾಗುತ್ತದೆ. ಬೇಸಿಗೆಯಲ್ಲಿ ವಿಹಾರಕ್ಕೂ ಮೀನುಗಾರಿಕೆಗೂ ಬಳಸಿದ ಸಾವಿರಾರು ದೋಣಿಗಳನ್ನು ನೀರಿನಿಂದ ಮೇಲೆತ್ತಿ ದಡದ ಅಂಗಳಗಳಲ್ಲಿ ಸಾಲಾಗಿ ನಿಲ್ಲಿಸಲಾಗುತ್ತದೆ. ಕೆಲವೇ ದಿನಗಳಲ್ಲಿ ಅವೆಲ್ಲವೂ ಬಿಳಿಯ ಅಥವಾ ನೀಲಿಯ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಲ್ಪಟ್ಟಿರುತ್ತವೆ. ಅಲ್ಲಿನ ಹಡಗು ಸಂಚಾರಕ್ಕೆ ಆಧಾರವಾಗಿರುವ ಸೇಂಟ್ ಲಾರೆನ್ಸ್ ಜಲಮಾರ್ಗವೇ ಸಾಮಾನ್ಯವಾಗಿ ಡಿಸೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಮುಚ್ಚಿರುತ್ತದೆ ಎಂದರೆ ಸಣ್ಣ ದೋಣಿಗಳ ಪಾಡನ್ನು ಊಹಿಸಬಹುದು.

ಈ ಹೊದಿಕೆಯ ಕೆಲಸವನ್ನೇ ‘ಶ್ರಿಂಕ್ ರ‍್ಯಾಪ್’ ಎನ್ನುತ್ತಾರೆ. ಇದರ ತಂತ್ರ, ಸಾಮಗ್ರಿ, ವೆಚ್ಚದ ಲೆಕ್ಕ ಮತ್ತು ಅಪಾಯಗಳನ್ನು ಪರಿಚಯಿಸಿ, ನಮ್ಮ ರಾಜ್ಯದ ಪ್ಲಾಸ್ಟಿಕ್ ಹಾಳೆ ತಯಾರಕರಿಗೆ, ಪ್ಯಾಕಿಂಗ್ ಗುತ್ತಿಗೆದಾರರಿಗೆ ಹಾಗೂ ಯಂತ್ರ ರಫ್ತುದಾರರಿಗೆ ಇದರಿಂದ ಏನು ಪ್ರಯೋಜನವಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹೊದಿಕೆ ಏಕೆ ಬೇಕು?

ದೋಣಿಗೆ ಚಳಿಗಾಲದಲ್ಲಿ ಮೂರು ಬಗೆಯ ಹಾನಿ ಸಂಭವಿಸುತ್ತದೆ. ಮೊದಲನೆಯದು ಹಿಮದ ಭಾರ. ಎಂಟು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ದೋಣಿಯ ಮೇಲ್ಭಾಗ ಸುಮಾರು 20 ಚದರ ಮೀಟರ್. ಅದರ ಮೇಲೆ 25 ಸೆಂಟಿಮೀಟರ್ ಹಿಮ ಬಿದ್ದರೆ 5 ಘನ ಮೀಟರ್ ಆಯಿತು. ಹೊಸದಾಗಿ ಬಿದ್ದ ಹಗುರ ಹಿಮವನ್ನು ಘನ ಮೀಟರಿಗೆ 100 ಕಿಲೋ ಎಂದು ಹಿಡಿದರೂ 500 ಕಿಲೋ ಭಾರ. ಹಿಮ ನೀರುಂಡು ಒದ್ದೆಯಾದರೆ ಇದು ಎರಡು ಮೂರು ಪಟ್ಟು ಏರುತ್ತದೆ. ಎರಡನೆಯದು ಹೆಪ್ಪುಗಟ್ಟುವ ನೀರು. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಡೆಕ್ಕಿನ ಬಿರುಕುಗಳಲ್ಲಿ ಸೇರಿದ ನೀರು ಹೀಗೆ ಹಿಗ್ಗಿ ಕುಗ್ಗಿ ಬಿರುಕನ್ನು ದೊಡ್ಡದು ಮಾಡುತ್ತದೆ. ಮೂರನೆಯದು ಬಿಸಿಲು, ಧೂಳು, ಹಕ್ಕಿ ಮತ್ತು ಇಲಿಗಳಿಂದ ಆಸನ, ತಂತಿ, ಬಣ್ಣಗಳಿಗೆ ಆಗುವ ನಷ್ಟ.

ಹೊದಿಕೆಯೊಂದರಿಂದಲೇ ರಕ್ಷಣೆ ದೊರೆಯುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಎಂಜಿನ್ನಿನ ತಂಪು ನೀರನ್ನು ಬಸಿದು, ವಿಷಕಾರಿಯಲ್ಲದ ಪ್ರೊಪಿಲೀನ್ ಗ್ಲೈಕಾಲ್ ದ್ರಾವಣ ತುಂಬಿ, ಬ್ಯಾಟರಿಯ ಸಂಪರ್ಕ ತೆಗೆದು, ಒಳಭಾಗವನ್ನು ಒಣಗಿಸಿದ ಮೇಲೆಯೇ ಹೊದಿಕೆಯ ಸರದಿ. ಎಂಜಿನ್ನಿನೊಳಗೆ ನೀರು ಉಳಿದಿದ್ದರೆ ಮೇಲೆ ಎಷ್ಟು ಒಳ್ಳೆಯ ಹಾಳೆ ಹೊದಿಸಿದರೂ ಎಂಜಿನ್ ಸೀಳುವುದು ತಪ್ಪದು.

ಹಾಳೆ ಕುಗ್ಗುವುದು ಹೇಗೆ?

ಈ ಹಾಳೆ ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್, ಅಂದರೆ ಎಲ್‌ಡಿಪಿಇ. ನಮ್ಮಲ್ಲಿ 12 ನೀರಿನ ಬಾಟಲಿಗಳನ್ನು ಒಟ್ಟಿಗೆ ಬಿಗಿದಿಡುವ ಹಾಳೆಯೂ ಇದೇ ಕುಟುಂಬಕ್ಕೆ ಸೇರಿದ್ದು. ಕರಗಿದ ಪ್ಲಾಸ್ಟಿಕ್ಕನ್ನು ಗುಳ್ಳೆಯಂತೆ ಊದಿ ಮೇಲಕ್ಕೆಳೆಯುವಾಗ ಅದರ ಅಣುಸರಪಳಿಗಳು ಉದ್ದಕ್ಕೂ ಅಗಲಕ್ಕೂ ಹಿಗ್ಗಿ, ಅದೇ ಸ್ಥಿತಿಯಲ್ಲಿ ತಣಿದು ಗಟ್ಟಿಯಾಗುತ್ತವೆ. ಮುಂದೆ ಎಂದಾದರೂ ಹಾಳೆಗೆ ಶಾಖ ತಾಗಿದಾಗ ಆ ಸರಪಳಿಗಳು ಸಡಿಲಗೊಂಡು ಮೊದಲಿನ ಸ್ಥಿತಿಗೆ ಮರಳಲು ಯತ್ನಿಸುತ್ತವೆ. ಹಾಳೆ ಕುಗ್ಗಿ ಬಿಗಿಯುವುದಕ್ಕೆ ಇದೇ ಕಾರಣ. ಎಲ್‌ಡಿಪಿಇ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, ಕುಗ್ಗುವ ಶಾಖಕ್ಕೂ ತೂತು ಬೀಳುವ ಶಾಖಕ್ಕೂ ನಡುವಣ ಅಂತರ ಅತಿ ಕಡಿಮೆ. ಕೆಲಸಗಾರನ ಕೈಪಳಗಿಕೆಗೆ ಬೆಲೆ ಬರುವುದು ಇಲ್ಲಿಯೇ.

ದೋಣಿಗೆ ಬಳಸುವ ಹಾಳೆಯ ದಪ್ಪ ಸಾಮಾನ್ಯವಾಗಿ 6ರಿಂದ 12 ಮಿಲ್. ಒಂದು ಮಿಲ್ ಎಂದರೆ 25.4 ಮೈಕ್ರಾನ್. ಹೆಚ್ಚಾಗಿ ಬಳಕೆಯಲ್ಲಿರುವ 7 ಮಿಲ್ ಹಾಳೆ ನಮ್ಮ ಲೆಕ್ಕದಲ್ಲಿ ಸುಮಾರು 175 ಮೈಕ್ರಾನ್ ಆಗುತ್ತದೆ. ಹಲವು ತಿಂಗಳು ಬಯಲಿನಲ್ಲಿರಬೇಕಾದ್ದರಿಂದ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕವನ್ನು ತಯಾರಿಕೆಯಲ್ಲಿಯೇ ಬೆರೆಸಲಾಗುತ್ತದೆ. ಇದಿಲ್ಲದ ಸಾಧಾರಣ ಪ್ಯಾಕಿಂಗ್ ಹಾಳೆ ಬಿಸಿಲಿಗೆ ಬೇಗ ಗಡುಸಾಗಿ ಹರಿಯುತ್ತದೆ.

ಬಣ್ಣದ ಆಯ್ಕೆಗೂ ಕಾರಣವಿದೆ. ಬಿಳಿ ಹಾಳೆ ಬಿಸಿಲನ್ನು ಹಿಂದಕ್ಕೆ ಹೊಡೆಯುವುದರಿಂದ ಒಳಗೆ ಶಾಖ ಏರುವುದಿಲ್ಲ, ಬೂಷ್ಟು ಕಡಿಮೆ. ನೀಲಿ ಹಾಳೆ ಬಿಸಿಲನ್ನು ಹೀರಿ ಬೆಚ್ಚಗಾಗುವುದರಿಂದ ಅದರ ಮೇಲಿನ ಹಿಮ ಬೇಗ ಕರಗಿ ಜಾರುತ್ತದೆ. ಹೆಚ್ಚು ಹಿಮ ಬೀಳುವ ಪ್ರದೇಶದವರು ನೀಲಿಯನ್ನೂ, ಬಿಸಿಲಿರುವ ಪ್ರದೇಶದವರು ಬಿಳಿಯನ್ನೂ ಕೇಳುವುದು ಇದರಿಂದಲೇ.

ಕೆಲಸದ ಹಂತಗಳು

ಮೊದಲು ದೋಣಿಯ ನಡುವೆ ಮರದ ಕಂಬಗಳನ್ನು ನಿಲ್ಲಿಸಿ, ಮುಂತುದಿಯಿಂದ ಹಿಂತುದಿಯವರೆಗೆ ನೇಯ್ದ ಪಾಲಿಯೆಸ್ಟರ್ ಪಟ್ಟಿಯನ್ನು ಬಿಗಿದು ಮನೆಯ ಮಾಡಿನಂತೆ ಇಳಿಜಾರು ಸಿದ್ಧಪಡಿಸಲಾಗುತ್ತದೆ. ಈ ಇಳಿಜಾರೇ ಇಡೀ ಕೆಲಸದ ಜೀವಾಳ. ಹಾಳೆಯಲ್ಲಿ ಒಂದು ಚದರ ಮೀಟರ್ ವಿಸ್ತಾರದ, ಹತ್ತು ಸೆಂಟಿಮೀಟರ್ ಆಳದ ತಗ್ಗು ಉಳಿದರೂ ಅಲ್ಲಿ 100 ಕಿಲೋ ನೀರು ನಿಲ್ಲುತ್ತದೆ. ಅದರ ಭಾರಕ್ಕೆ ತಗ್ಗು ಇನ್ನೂ ಇಳಿದು, ಮತ್ತಷ್ಟು ನೀರು ತುಂಬಿ, ಕೊನೆಗೆ ಹೊದಿಕೆ ಹರಿಯುತ್ತದೆ.

ಎರಡನೆಯ ಹಂತದಲ್ಲಿ ದೋಣಿಯ ಒಡಲ ಸುತ್ತ, ಅಂಚಿನ ಕೆಳಗೆ, ಇನ್ನೊಂದು ಪಟ್ಟಿಯನ್ನು ಸುತ್ತಿ ಬಿಗಿಯಲಾಗುತ್ತದೆ. ಗಾಜು, ಕಂಬಿ, ಚೂಪಾದ ಮೂಲೆಗಳಿಗೆ ಮೆತ್ತೆ ಕಟ್ಟಲಾಗುತ್ತದೆ. ಬಳಿಕ ಹಾಳೆಯನ್ನು ಮೇಲಿಂದ ಹೊದಿಸಿ, ಅದರ ಅಂಚನ್ನು ಸುತ್ತುಪಟ್ಟಿಯ ಅಡಿಯಿಂದ ಮೇಲಕ್ಕೆ ಮಡಚಿ, ಪ್ರೊಪೇನ್ ಅನಿಲದಿಂದ ನಡೆಯುವ ಹೀಟ್ ಗನ್ನಿನ ಶಾಖ ಕೊಟ್ಟು ಕೈಗವಸಿನಿಂದ ಒತ್ತಿದರೆ ಎರಡು ಪದರಗಳು ಬೆಸೆದುಕೊಳ್ಳುತ್ತವೆ. ಸುತ್ತಲೂ ಅಂಚು ಬೆಸೆದ ನಂತರವೇ ಕೆಳಗಿನಿಂದ ಮೇಲಕ್ಕೆ ಶಾಖ ಕೊಡುತ್ತಾ ಹಾಳೆಯನ್ನು ಕುಗ್ಗಿಸಬೇಕು. ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಬಣ್ಣ ಸಿಂಪಡಿಸುವ ರೀತಿಯಲ್ಲಿ ಆಡಿಸುತ್ತಿರಬೇಕು. ತೂತು ಬಿದ್ದಲ್ಲಿ ಅದೇ ಬಣ್ಣದ ವಿಶೇಷ ಟೇಪ್ ಅಂಟಿಸಲಾಗುತ್ತದೆ.

ಕೊನೆಯದು, ಹಲವರು ಮರೆಯುವ ಹಂತ: ಗಾಳಿಕಿಂಡಿ. ಹಗಲಿನ ಬಿಸಿಲಿಗೆ ಒಳಗಿನ ತೇವ ಆವಿಯಾಗಿ, ರಾತ್ರಿಯ ಚಳಿಗೆ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ಕೆಳಗೆ ಬೀಳುತ್ತದೆ. ಎರಡೂ ಬದಿಗಳಲ್ಲಿ, ಹಿಂದೆ ಮುಂದೆ ಕಿಂಡಿಗಳನ್ನು ಜೋಡಿಸಿ ಗಾಳಿಯಾಡಲು ಬಿಡದಿದ್ದರೆ ಹಿಮದಿಂದ ಉಳಿದ ದೋಣಿ ಬೂಷ್ಟಿನಿಂದ ಕೆಡುತ್ತದೆ. ನಡುವೆ ಪರೀಕ್ಷಿಸಲು ಬೇಕೆಂದವರಿಗೆ ಜಿಪ್ ಇರುವ ಬಾಗಿಲನ್ನೂ ಅಂಟಿಸಿಕೊಡುತ್ತಾರೆ.

ಅಪಾಯಗಳು

ಪೆಟ್ರೋಲ್ ತುಂಬಿದ ಟ್ಯಾಂಕಿನ ಪಕ್ಕದಲ್ಲಿ ಉರಿಯುವ ಗನ್ ಹಿಡಿದು ಮಾಡುವ ಕೆಲಸವಿದು. ಪೆಟ್ರೋಲಿನ ಆವಿಯೂ ಪ್ರೊಪೇನ್ ಅನಿಲವೂ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿಯೇ ಶೇಖರವಾಗುತ್ತವೆ. ಆದ್ದರಿಂದ ಟ್ಯಾಂಕಿನ ಉಸಿರುಕೊಳವೆಯ ಬಾಯಿಗೆ ಕೆಲಸದ ಹೊತ್ತಿನಲ್ಲಿ ಟೇಪ್ ಅಂಟಿಸಿ, ಮುಗಿದೊಡನೆ ತೆಗೆಯುತ್ತಾರೆ. ಬೆಂಕಿ ಆರಿಸುವ ಉಪಕರಣ ಕೈಗೆಟಕುವಂತಿರಬೇಕು. ಗಾಳಿ ಜೋರಾಗಿ ಬೀಸುವ ದಿನ ಕೆಲಸ ಮಾಡಬಾರದು. ಗಾಳಿಯಾಡದ ಶೆಡ್ಡಿನೊಳಗೆ ಗನ್ ಬಳಸಬಾರದು. ದೋಣಿಗಳು ಒತ್ತಾಗಿ ನಿಂತಿರುವುದರಿಂದ ಒಂದಕ್ಕೆ ತಗುಲಿದ ಬೆಂಕಿ ಸಾಲಿಗೇ ಹಬ್ಬಬಹುದು. ಈ ಕಾರಣದಿಂದ ಅನೇಕ ಮರೀನಾಗಳು ಮಾಲೀಕರಿಗೇ ಈ ಕೆಲಸ ಮಾಡಲು ಬಿಡದೆ, ವಿಮೆ ಹೊಂದಿದ ಗುತ್ತಿಗೆದಾರರಿಗೆ ಮಾತ್ರ ಅನುಮತಿ ನೀಡುತ್ತವೆ.

ವೆಚ್ಚದ ಲೆಕ್ಕ

ಅಲ್ಲಿ ದರವನ್ನು ಸಾಮಾನ್ಯವಾಗಿ ದೋಣಿಯ ಉದ್ದದ ಅಡಿಯ ಲೆಕ್ಕದಲ್ಲಿ ಹೇಳುತ್ತಾರೆ. ಸಾಮಗ್ರಿಯ ತೂಕವನ್ನು ನಾವೇ ಲೆಕ್ಕ ಹಾಕಬಹುದು. ಎಂಟು ಮೀಟರಿನ ದೋಣಿಗೆ ಮಡಿಕೆಯೂ ಸೇರಿ ಸುಮಾರು 50 ಚದರ ಮೀಟರ್ ಹಾಳೆ ಬೇಕೆಂದುಕೊಳ್ಳೋಣ. ದಪ್ಪ 0.175 ಮಿಲಿಮೀಟರ್, ಸಾಂದ್ರತೆ 0.92. ಈ ಮೂರನ್ನು ಗುಣಿಸಿದರೆ ಸುಮಾರು 8 ಕಿಲೋ ಬರುತ್ತದೆ. ಅಂದರೆ ಒಂದು ದೊಡ್ಡ ದೋಣಿಗೆ ಹತ್ತು ಕಿಲೋಗೂ ಕಡಿಮೆ ಪ್ಲಾಸ್ಟಿಕ್. ಗ್ರಾಹಕ ಕೊಡುವ ಹಣದ ಬಹುಪಾಲು ಕೆಲಸಗಾರನ ಕುಶಲತೆಗೆ, ವಿಮೆಗೆ ಮತ್ತು ವರ್ಷದಲ್ಲಿ ಕೆಲವೇ ವಾರ ನಡೆಯುವ ವ್ಯಾಪಾರದ ಲಾಭಕ್ಕೆ ಸಲ್ಲುತ್ತದೆ.

ಇದಕ್ಕೆ ಪ್ರತಿಸ್ಪರ್ಧಿ ಅಳತೆಗೆ ಹೊಲಿದ ಕ್ಯಾನ್ವಾಸ್ ಹೊದಿಕೆ. ಅದರ ಮೊದಲ ವೆಚ್ಚ ಹೆಚ್ಚು, ಆದರೆ ಹಲವು ವರ್ಷ ಬಾಳುತ್ತದೆ. ಶ್ರಿಂಕ್ ಹಾಳೆಯನ್ನು ವಸಂತಕಾಲದಲ್ಲಿ ಕತ್ತರಿಸಿ ತೆಗೆಯಬೇಕಾದ್ದರಿಂದ ಅದು ಒಂದೇ ಋತುವಿನ ಬಾಳ್ವೆ. ಹೀಗೆ ಪ್ರತಿ ವರ್ಷ ರಾಶಿ ಬೀಳುವ ಹಾಳೆಯ ವಿಲೇವಾರಿ ಈ ವ್ಯಾಪಾರದ ದೊಡ್ಡ ತಲೆನೋವಾಗಿದೆ. ಪಟ್ಟಿ, ಜಿಪ್, ಕಿಂಡಿಗಳನ್ನು ಬೇರ್ಪಡಿಸಿದ ಶುದ್ಧ ಎಲ್‌ಡಿಪಿಇ ಮರುಬಳಕೆಗೆ ಯೋಗ್ಯ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಕ್ಲೀನ್ ಮರೀನಾ ಕಾರ್ಯಕ್ರಮದ ಮೂಲಕ ಇಂತಹ ಹಾಳೆಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ವ್ಯವಸ್ಥೆ ರೂಪುಗೊಂಡಿತು.

ನಮ್ಮ ಉದ್ದಿಮೆದಾರರಿಗೆ ಏನಿದೆ?

ಮೊದಲಿಗೆ ಒಂದು ಎಚ್ಚರಿಕೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಆಗ ದೋಣಿಗಳು ಸಾಲುಗಟ್ಟಿ ನಿಲ್ಲುವುದನ್ನು ಕಂಡು ಇಲ್ಲಿಯೂ ಈ ಹೊದಿಕೆಗೆ ಮಾರುಕಟ್ಟೆಯಿದೆ ಎಂದು ಯಾರಿಗಾದರೂ ತೋರಬಹುದು. ಆದರೆ ಪರಿಸ್ಥಿತಿ ಬೇರೆ. ನಮ್ಮ ದೋಣಿಗಳು ಬಹುಮಟ್ಟಿಗೆ ನೀರಿನಲ್ಲಿಯೇ ಒಂದಕ್ಕೊಂದು ತಾಗಿ ನಿಂತಿರುತ್ತವೆ. ಎಂಜಿನ್ ದುರಸ್ತಿ, ಬಣ್ಣ, ಮರಗೆಲಸಗಳು ನಡೆಯುವುದೂ ಇದೇ ಬಿಡುವಿನಲ್ಲಿ. ಮುಂಗಾರಿನ ಬಿಸಿ ತೇವದಲ್ಲಿ ಮರದ ದೋಣಿಯನ್ನು ಹಾಳೆಯಿಂದ ಮುಚ್ಚಿ ಬಿಗಿದರೆ ಮರ ಉಸಿರಾಡದೆ ಕೊಳೆಯುವ ಸಂಭವವೇ ಹೆಚ್ಚು. ಬಡ್ಡಿಗೆ ಸಾಲ ಪಡೆದು ಎರಡು ತಿಂಗಳು ಆದಾಯವಿಲ್ಲದೆ ಕುಳಿತ ಮೀನುಗಾರನಿಗೆ ಇಂತಹ ಸರಕನ್ನು ಮಾರುವುದು ವ್ಯಾಪಾರಕ್ಕೂ ಹೆಸರಿಗೂ ಒಳ್ಳೆಯದಲ್ಲ. ಅಲ್ಲಿಗೆ ತೆರೆದ ಬದಿಗಳುಳ್ಳ ಟಾರ್ಪಾಲಿನ್ ಮಾಡೇ ಸೂಕ್ತ.

ನಿಜವಾದ ಅವಕಾಶವಿರುವುದು ಯಂತ್ರಗಳ ಸಾಗಾಣಿಕೆಯಲ್ಲಿ. ಇದೇ ಹಾಳೆಯನ್ನು, ಇದೇ ವಿಧಾನದಲ್ಲಿ, ಹೊರದೇಶಗಳಲ್ಲಿ ಭಾರೀ ಯಂತ್ರ, ಹಡಗಿನ ಡೆಕ್ಕಿನ ಮೇಲೆ ಸಾಗುವ ಹೆಲಿಕಾಪ್ಟರ್, ಸಿದ್ಧ ಮನೆಯ ಭಾಗ ಹಾಗೂ ಕಟ್ಟಡದ ಸಾರವೆಗಳಿಗೂ ಬಳಸುತ್ತಾರೆ. ಮಳೆಗಾಲದಲ್ಲಿ ತೆರೆದ ಲಾರಿಯಲ್ಲಿ ಯಂತ್ರ ಕಳುಹಿಸುವ ನಮ್ಮ ತಯಾರಕರು ಸಡಿಲ ಟಾರ್ಪಾಲಿನ್ ಗಾಳಿಗೆ ಬಡಿದು ಹರಿಯುವುದನ್ನೂ ಬಣ್ಣ ಉಜ್ಜುವುದನ್ನೂ ಬಲ್ಲರು. ಬಿಗಿದ ಹಾಳೆ ಬಡಿಯುವುದಿಲ್ಲ. ಈ ಕೆಲಸ ಕೈಗೊಳ್ಳುವವರು ಗಮನಿಸಬೇಕಾದ ಅಂಶಗಳು ಹೀಗಿವೆ:

1. ಒದ್ದೆ ಯಂತ್ರಕ್ಕೆ ಹಾಳೆ ಹೊದಿಸಬಾರದು. ದೋಣಿಯ ಬೂಷ್ಟಿನ ಜಾಗದಲ್ಲಿ ಇಲ್ಲಿ ತುಕ್ಕು ಬರುತ್ತದೆ. ಬಿಸಿ ತೇವದ ಬಂದರಿನಿಂದ ಹೊರಟ ಕಂಟೇನರ್ ಚಳಿಯ ದೇಶ ತಲಪುವಾಗ ಒಳಗೆ ಹನಿಗಟ್ಟುವುದು ಸಾಮಾನ್ಯ. ಯಂತ್ರಕ್ಕೆ ಗಾಳಿಕಿಂಡಿಯಿಡುವುದು ಸೂಕ್ತವಲ್ಲದ ಕಡೆ ತುಕ್ಕುನಿರೋಧಕ ವಿಸಿಐ ಹಾಳೆ ಮತ್ತು ತೇವ ಹೀರುವ ಚೀಲಗಳನ್ನು ಒಳಪದರವಾಗಿ ಬಳಸಬೇಕು. ಶ್ರಿಂಕ್ ಹಾಳೆ ಹೊರಗಿನ ಮಳೆ, ಧೂಳನ್ನಷ್ಟೇ ತಡೆಯುತ್ತದೆ.

2. ರಫ್ತಿನ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಿಗೆ ಅನ್ವಯಿಸುವ ಐಎಸ್‌ಪಿಎಂ 15 ನಿಯಮ ಹಾಳೆ ಹೊದಿಸಿದರೂ ತಪ್ಪುವುದಿಲ್ಲ.

3. ಹಾಳೆ ತಯಾರಿಸುವ ಸಣ್ಣ ಘಟಕಗಳಿಗೆ ಅಗಲವೇ ತೊಡಕು. ಊದಿದ ಗುಳ್ಳೆಯ ಸುತ್ತಳತೆಯೇ ಬಿಡಿಸಿದ ಹಾಳೆಯ ಅಗಲ. ಆರು ಮೀಟರ್ ಅಗಲದ ಹಾಳೆಗೆ ಸುಮಾರು 1.9 ಮೀಟರ್ ವ್ಯಾಸದ ಗುಳ್ಳೆ ಬೇಕು. ಒಂದು ಮೀಟರ್ ವ್ಯಾಸದ ಗುಳ್ಳೆಯಿಂದ ಮೂರು ಮೀಟರಿನ ಹಾಳೆ ಮಾತ್ರ ದೊರೆಯುತ್ತದೆ. ಸಣ್ಣ ಮತ್ತು ಮಧ್ಯಮ ಯಂತ್ರಗಳಿಗೆ ಅದು ಸಾಕು. ದೊಡ್ಡ ಯಂತ್ರ ಹಾಕುವ ಮುನ್ನ ಈ ಗಾತ್ರದ ಬೇಡಿಕೆಯನ್ನು ಅಳೆಯುವುದು ಕ್ಷೇಮ.

4. ಗ್ರಾಹಕರಿಗೆ ಹಾಳೆಯ ದಪ್ಪ, ಅತಿನೇರಳೆ ತಡೆ ಇದೆಯೋ ಇಲ್ಲವೋ, ಎಷ್ಟು ತಿಂಗಳ ಬಾಳಿಕೆ ಎಂಬುದನ್ನು ಬಿಲ್ಲಿನಲ್ಲಿಯೇ ನಮೂದಿಸಬೇಕು. ತಡೆಯಿಲ್ಲದ ಹಾಳೆ ಮೊದಲ ದಿನ ನೋಡಲು ಒಂದೇ ರೀತಿ ಇರುತ್ತದೆ. ವ್ಯತ್ಯಾಸ ತಿಳಿಯುವ ಹೊತ್ತಿಗೆ ಸರಕು ಕೆಟ್ಟಿರುತ್ತದೆ.

5. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2022ರಲ್ಲಿ ತಂದ ತಿದ್ದುಪಡಿಯಂತೆ ಪ್ಲಾಸ್ಟಿಕ್ ಪ್ಯಾಕಿಂಗ್‌ನ ಉತ್ಪಾದಕರು, ಆಮದುದಾರರು ಮತ್ತು ಬ್ರ್ಯಾಂಡ್ ಮಾಲೀಕರ ಮೇಲೆ ವಿಸ್ತೃತ ಹೊಣೆಗಾರಿಕೆಯಿದೆ. ತಾವು ಯಾವ ವರ್ಗಕ್ಕೆ ಸೇರುತ್ತೇವೆ ಎಂಬುದನ್ನು ಆರಂಭದಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಬಳಸಿದ ಹಾಳೆಯನ್ನು ಹಿಂದಕ್ಕೆ ಪಡೆಯುವ ಏರ್ಪಾಡಿದ್ದರೆ ಅದೇ ಒಂದು ಮಾರಾಟದ ಅಂಶವಾಗಬಲ್ಲದು.

6. ಕೆಲಸಗಾರರಿಗೆ ತರಬೇತಿ ನೀಡದೆ ಗನ್ ಕೈಗೆ ಕೊಡಬಾರದು. ಕಾರ್ಖಾನೆಯ ಒಳಗೆ ಎಣ್ಣೆ, ತಿನ್ನರ್, ಹತ್ತಿಚಿಂದಿಗಳ ನಡುವೆ ಈ ಕೆಲಸ ನಡೆಯುವ ಸಂಭವವಿರುವುದರಿಂದ ಅಗ್ನಿವಿಮೆಯ ಷರತ್ತುಗಳನ್ನು ಓದಿ, ವಿಮಾ ಕಂಪನಿಗೆ ಮೊದಲೇ ತಿಳಿಸುವುದು ಒಳಿತು.

ಇದಕ್ಕೆ ಬೇಕಾದ ಬಂಡವಾಳ ಹೆಚ್ಚಲ್ಲ: ಒಂದು ಗನ್, ಅನಿಲದ ಸಿಲಿಂಡರ್, ಪಟ್ಟಿ ಬಿಗಿಯುವ ಸಲಕರಣೆ ಮತ್ತು ನಾಲ್ಕಾರು ಸುರುಳಿ ಹಾಳೆ. ಹೆಚ್ಚು ಬೇಕಾದುದು ಕೈಪಳಗಿಕೆ ಮತ್ತು ಎಚ್ಚರ. ಆಸಕ್ತರು ಮೊದಲು ತಮ್ಮದೇ ಒಂದು ಹಳೆಯ ಯಂತ್ರಕ್ಕೆ ಹಾಳೆ ಹೊದಿಸಿ, ಒಂದು ಮಳೆಗಾಲ ಅಂಗಳದಲ್ಲಿಟ್ಟು, ಬಿಚ್ಚಿ ನೋಡಲಿ. ಒಳಗೆ ತುಕ್ಕಿನ ಕಲೆ ಕಾಣದಿದ್ದರೆ ಆಗ ಗ್ರಾಹಕರ ಸರಕಿಗೆ ಕೈಹಾಕಬಹುದು.