ತಿರುವೈಯಾರಿನ ಹೆಂಗಸರ ಪಕ್ಷ

ಪುಷ್ಯ ಬಹುಳ ಪಂಚಮಿಯಂದು ಬೆಳಗ್ಗೆ ನೀವು ರೇಡಿಯೋ ಹಾಕಿ ಕುಳಿತರೆ ತಿರುವೈಯಾರಿನಿಂದ ತ್ಯಾಗರಾಜರ ಪಂಚರತ್ನ ಕೃತಿಗಳು ಕೇಳಿಬರುತ್ತವೆ. ನೂರಾರು ಮಂದಿ ಒಂದೇ ಶ್ರುತಿಯಲ್ಲಿ ಕೂಡಿ ಹಾಡುವ ಆ ಗೋಷ್ಠಿಯಲ್ಲಿ ಗಂಡಸರ ದನಿಯ ಜೊತೆಗೆ ಹೆಂಗಸರ ದನಿಯೂ ಬೆರೆತಿರುತ್ತದೆ. ರಾಮನಗರ, ಕನಕಪುರ, ಮಾಗಡಿಯ ಮನೆಗಳಲ್ಲಿ ಕುಳಿತು ಕೇಳುವವರಿಗೆ ಇದರಲ್ಲಿ ವಿಶೇಷವೇನೂ ತೋರಲಾರದು. ಆದರೆ ನೂರು ವರ್ಷಗಳ ಹಿಂದೆ ಆ ಸನ್ನಿಧಿಯ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅವರಿಗೆ ಅಲ್ಲಿ ಎಡೆ ದೊರಕಿಸಿದವರು ಕನ್ನಡನಾಡಿನವರೇ ಆದ ಬೆಂಗಳೂರು ನಾಗರತ್ನಮ್ಮನವರು.

ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದರು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ಕಡುಕಷ್ಟದಲ್ಲಿಯೂ ಆಕೆ ಮಗಳಿಗೆ ಸಂಸ್ಕೃತ, ಸಂಗೀತ, ನೃತ್ಯಗಳನ್ನು ಕಲಿಸಿದರು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರ ಬಳಿ ಪಾಠವಾಯಿತು. ಮೈಸೂರಿಗೂ ಬೆಂಗಳೂರಿಗೂ ನಡುವೆ ಇರುವ ನಮ್ಮ ಚನ್ನಪಟ್ಟಣಕ್ಕೂ ಆ ಕಾಲದ ಸಂಗೀತದಲ್ಲಿ ಒಂದು ಪಾಲುಂಟು. ಬೊಂಬೆಗಳಿಗೆ ಹೆಸರಾದ ಈ ಊರು ಹಿಂದೆ ವಾದ್ಯಗಳ ಉಕ್ಕಿನ ತಂತಿಗೂ ಹೆಸರಾಗಿತ್ತು. ಇಲ್ಲಿ ಎಳೆದ ತಂತಿ ದೂರದ ಸೀಮೆಗಳಿಗೆ ಹೋಗುತ್ತಿತ್ತು. ನಾಗರತ್ನಮ್ಮನವರೂ ಮುಂದೆ ಮದರಾಸಿಗೆ ಹೋಗಿ ನೆಲೆಸಿದರು. ಆದರೆ ಊರಿನ ಹೆಸರನ್ನು ಮಾತ್ರ ಬಿಡಲಿಲ್ಲ.

ಮೊದಲ ವಿವಾದ ಎದ್ದುದು ಸಂಗೀತದಿಂದಲ್ಲ, ಒಂದು ಪುಸ್ತಕದಿಂದ. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು ಅವರು 1910ರಲ್ಲಿ ಪೂರ್ಣವಾಗಿ ಅಚ್ಚು ಹಾಕಿಸಿದರು. ಅದರ ಶೃಂಗಾರ ಹೆಂಗಸಿನ ಬಾಯಿಗೆ ತಕ್ಕದ್ದಲ್ಲವೆಂದು ಕಂದುಕೂರಿ ವೀರೇಶಲಿಂಗಂ ಅವರು ಬರೆದಿದ್ದರು. ಗಂಡಸರು ಬರೆದಾಗ ಒಪ್ಪುವ ಶೃಂಗಾರ ಹೆಂಗಸು ಬರೆದಾಗ ಮಾತ್ರ ತಪ್ಪಾಗುವುದು ಹೇಗೆ, ಲಜ್ಜೆ ಹೆಂಗಸರ ಸೊತ್ತು ಮಾತ್ರವೇ ಎಂದು ನಾಗರತ್ನಮ್ಮನವರು ಕೇಳಿದರು. ಆದರೂ 1911ರಲ್ಲಿ ಸರ್ಕಾರ ಪುಸ್ತಕಕ್ಕೆ ತಡೆ ಹಾಕಿತು. ಅದು ತೆರವಾದುದು 1947ರಲ್ಲಿ.

ಇನ್ನು ತಿರುವೈಯಾರಿನ ಸಂಗತಿ. 1847ರಲ್ಲಿ ಕಾಲವಾದ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂದು ಮೈಸೂರಿನ ಬಿಡಾರಂ ಕೃಷ್ಣಪ್ಪನವರು ನಾಗರತ್ನಮ್ಮನವರಿಗೆ ಕಾಗದ ಬರೆದರು. ಆಕೆ ತಮ್ಮ ದುಡಿಮೆಯ ಹಣದಿಂದ ಅಲ್ಲಿ ನೆಲ ಕೊಂಡು, ಗುಡಿ ಕಟ್ಟಿಸಿ, 1925ರಲ್ಲಿ ಕುಂಭಾಭಿಷೇಕ ಮಾಡಿಸಿದರು. ಆ ವೇಳೆಗೆ ಆರಾಧನೆ ನಡೆಸುವ ವಿದ್ವಾಂಸರಲ್ಲಿ ದೊಡ್ಡ ಪಕ್ಷ, ಚಿಕ್ಕ ಪಕ್ಷ ಎಂದು ಎರಡಾಗಿದ್ದವು. ಹೆಂಗಸರಿಗೆ ಎರಡರಲ್ಲಿಯೂ ಹಾಡುವ ಅವಕಾಶವಿರಲಿಲ್ಲ. ಗುಡಿ ಕಟ್ಟಿಸಿದಾಕೆಗೇ ಗುಡಿಯಲ್ಲಿ ಹಾಡುವ ಹಕ್ಕಿಲ್ಲ! ಆಗ ಅವರೇನು ಮಾಡಿದರು ಬಲ್ಲಿರಾ? 1927ರಲ್ಲಿ ಮೂರನೆಯ ಪಕ್ಷವೊಂದನ್ನು ಕಟ್ಟಿದರು. ತಮಿಳಿನಲ್ಲಿ ಅದಕ್ಕೆ ‘ಪೆಣ್ ಕಚ್ಚಿ’, ಎಂದರೆ ಹೆಂಗಸರ ಪಕ್ಷ, ಎಂದು ಹೆಸರಾಯಿತು. ಗಾಯಕಿಯರೆಲ್ಲ ಗುಡಿಯ ಹಿಂಭಾಗದಲ್ಲಿ ನೆರೆದು ತಮ್ಮದೇ ಆರಾಧನೆ ನಡೆಸಿದರು. ವರ್ಷಗಳು ಕಳೆದಂತೆ ಅದನ್ನು ಕಡೆಗಣಿಸುವುದು ಯಾರಿಗೂ ಆಗದಾಯಿತು. 1940ರ ಹೊತ್ತಿಗೆ ಮೂರು ಪಕ್ಷಗಳೂ ಒಂದಾದವು. ಎಲ್ಲರೂ ಕೂಡಿ ಪಂಚರತ್ನಗಳನ್ನು ಹಾಡುವ ಈಗಿನ ಪದ್ಧತಿ ಅನಂತರ ಬಂದಿತು.

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ, ಆದರೆ ಅರ್ಧವಾಗುತ್ತದೆ. ಅದೇ 1927ರಲ್ಲಿ ಮದರಾಸಿನ ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯನ್ನು ನಿಲ್ಲಿಸಬೇಕೆಂದು ವಾದಿಸುತ್ತಿದ್ದರು. ನಾಗರತ್ನಮ್ಮನವರು ಅದನ್ನು ವಿರೋಧಿಸಿದ ದೇವದಾಸಿಯರ ಜೊತೆ ನಿಂತರು. ಮುತ್ತುಲಕ್ಷ್ಮಿಯವರ ತಾಯಿಯೂ ಆ ಕುಲದವರೇ. ಎಳೆಯ ಹುಡುಗಿಯರ ಬಾಳು ಹಾಳಾಗುವುದನ್ನು ಅವರು ಕಂಡಿದ್ದರು. ವಿದ್ಯೆಯನ್ನೂ ಆಸ್ತಿಯ ಹಕ್ಕನ್ನೂ ಉಳಿಸಿಕೊಂಡು ಬಂದ ಕಲಾವಿದೆಯರನ್ನು ಒಟ್ಟಾಗಿ ಕಳಂಕಿತರೆನ್ನುವುದು ನ್ಯಾಯವೇ ಎಂಬುದು ನಾಗರತ್ನಮ್ಮನವರ ಕಡೆಯ ಮಾತು. 1947ರಲ್ಲಿ ಮದರಾಸಿನಲ್ಲಿ ಕಾನೂನಾಯಿತು. 1982ರಲ್ಲಿ ಕರ್ನಾಟಕವೂ ತನ್ನ ಶಾಸನವನ್ನು ಮಾಡಿತು. ಹುಡುಗಿಯರನ್ನು ಮುಡಿಪಿಡುವುದು ನಿಲ್ಲಲೇಬೇಕಾಗಿತ್ತು, ಸಂದೇಹವಿಲ್ಲ. ಆದರೆ ಪದ್ಧತಿಯ ಕಳಂಕವನ್ನು ಹಾಡುವವಳ ಹಣೆಗೆ ಹಚ್ಚಿದುದೂ ಸರಿಯಲ್ಲ. 1946ರಲ್ಲಿ ಇಂಥ ಮನೆತನಗಳ ಎಷ್ಟೋ ಗಾಯಕಿಯರಿಗೆ ನಡತೆಯ ನೆಪದಲ್ಲಿ ರೇಡಿಯೋ ನಿಲಯದ ಬಾಗಿಲೇ ಮುಚ್ಚಿತ್ತೆಂಬುದನ್ನು ರೇಡಿಯೋ ಕೇಳುವ ನಾವು ಮರೆಯಬಾರದು.

ನಾಗರತ್ನಮ್ಮನವರು 1952ರಲ್ಲಿ ತೀರಿಕೊಂಡರು. ಅವರ ಸ್ಮಾರಕ ಇಂದು ತ್ಯಾಗರಾಜರ ಸಮಾಧಿಯ ಬಳಿಯೇ ಇದೆ. ಮುಂದಿನ ಪುಷ್ಯ ಪಂಚಮಿಯಂದು ರೇಡಿಯೋ ಹಾಕಿದಾಗ, ಆ ಗೋಷ್ಠಿಯಲ್ಲಿ ಹೆಂಗಸರ ಕಂಠವನ್ನು ಗಮನವಿಟ್ಟು ಕೇಳಿರಿ. ಗುಡಿಯ ಹಿಂಭಾಗದಲ್ಲಿ ಶ್ರುತಿ ಹಿಡಿದು ಕುಳಿತವರನ್ನು ಒಂದು ಗಳಿಗೆ ನೆನೆಯಿರಿ.