ಸ್ವಪ್ನದಲ್ಲಿ ದೊರೆತ ಪ್ರಾರ್ಥನೆ

ಗೋವಿಂದರಾಜನಗರ, ವಿಜಯನಗರ, ರಾಜಾಜಿನಗರಗಳ ಸುತ್ತಮುತ್ತ ವಾಸಿಸುತ್ತ, ರಾಮನವಮಿಯ ಕಾಲಕ್ಕೆ ಚಾಮರಾಜಪೇಟೆಯ ಕಛೇರಿಗಳಿಗೆ ಕಿವಿಗೊಟ್ಟವರಿಗೆ ಖಂಡ ಛಾಪು ತಾಳವನ್ನು ಪರಿಚಯಿಸಬೇಕಾಗಿಲ್ಲ. ಐದು ಎಣಿಕೆಯ ಆ ನಡೆಗೆ, ತಾಳದ ಹೆಸರರಿಯದವರ ಕೈಯೂ ತೊಡೆಯ ಮೇಲೆ ತಾನಾಗಿ ಆಡತೊಡಗುತ್ತದೆ. ಆದರೆ ಅಮೆರಿಕದ ಜಾಝ್ ಸಂಗೀತದಲ್ಲಿ 1950ರ ದಶಕದ ಕೊನೆಯವರೆಗೂ ಬಹುಮಟ್ಟಿಗೆ ನಾಲ್ಕರ ಎಣಿಕೆಯದೇ ರಾಜ್ಯಭಾರ. ಅದನ್ನು ಐದಕ್ಕೂ ಏಳಕ್ಕೂ ಒಂಬತ್ತಕ್ಕೂ ಒಯ್ದು ಲಕ್ಷಾಂತರ ಶ್ರೋತೃಗಳಿಗೆ ಪ್ರಿಯವಾಗಿಸಿದವರು ಪಿಯಾನೋ ವಾದಕ ಹಾಗೂ ಸಂಯೋಜಕ ಡೇವ್ ಬ್ರೂಬೆಕ್. ಈ ಮಹನೀಯರು ಅರುವತ್ತರ ಹೊಸ್ತಿಲಲ್ಲಿ, ದಿವ್ಯ ಬಲಿಪೂಜೆಗೆ ಸ್ವರ ಸಂಯೋಜಿಸಲು ಹೋಗಿ ಕಥೋಲಿಕ ಧರ್ಮಸಭೆಯನ್ನೇ ಸೇರಿದ ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಬ್ರೂಬೆಕ್ ಜನಿಸಿದ್ದು 1920ರ ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್ ಎಂಬ ಊರಿನಲ್ಲಿ. ತಂದೆ ದನಗಳ ದೊಡ್ಡಿಗಳನ್ನು ನೋಡಿಕೊಳ್ಳುತ್ತಿದ್ದವರು. ತಾಯಿ ಪಿಯಾನೋ ಶಿಕ್ಷಕಿ. ಪಶುವೈದ್ಯನಾಗಲೆಂದು ಕಾಲೇಜು ಸೇರಿದ ಹುಡುಗನ ಮನಸ್ಸೆಲ್ಲ ಪಿಯಾನೋ ಮೇಲೆಯೇ ಇದ್ದುದರಿಂದ ಸಂಗೀತ ವಿಭಾಗಕ್ಕೆ ಹೋಗುವುದು ಅನಿವಾರ್ಯವಾಯಿತು. ಅಲ್ಲೊಂದು ಪೇಚು. ಕೇಳಿದ್ದನ್ನೆಲ್ಲ ನುಡಿಸಬಲ್ಲ ಈ ವಿದ್ಯಾರ್ಥಿಗೆ ಸ್ವರಲಿಪಿಯನ್ನು ಓದಲು ಬಾರದೆಂಬುದು ವ್ಯಾಸಂಗದ ಕೊನೆಯ ಹಂತದಲ್ಲಿ ಬಯಲಾಯಿತು. ಮುಂದೆಂದೂ ಸಂಗೀತ ಪಾಠ ಹೇಳುವುದಿಲ್ಲವೆಂಬ ಮಾತು ಪಡೆದು 1942ರಲ್ಲಿ ಪದವಿ ಕೊಟ್ಟು ಕಳುಹಿಸಿದರು! ಯುದ್ಧಾನಂತರ ಫ್ರಾನ್ಸಿನ ಸಂಯೋಜಕ ದಾರಿಯುಸ್ ಮಿಯೊ ಅವರಲ್ಲಿ ಶಿಷ್ಯವೃತ್ತಿ ನಡೆಸಿದ ಬ್ರೂಬೆಕ್, ಹಿರಿಯ ಮಗನಿಗೆ ಆ ಗುರುವಿನ ಹೆಸರನ್ನೇ ಇಟ್ಟರು.

ಅವರ ಬಾಲ್ಯದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ತಂದೆ ಒಮ್ಮೆ ಮಗನನ್ನು ತಮ್ಮ ಕಪ್ಪುವರ್ಣೀಯ ಮಿತ್ರನೊಬ್ಬನ ಬಳಿಗೆ ಕರೆದೊಯ್ದು, ಅಂಗಿ ಬಿಚ್ಚಿ ಎದೆಯನ್ನು ತೋರಿಸುವಂತೆ ಆತನನ್ನು ಕೇಳಿಕೊಂಡರು. ದನಗಳಿಗೆ ಹಾಕುವಂತಹ ಬರೆ ಆ ಮನುಷ್ಯನ ಎದೆಯ ಮೇಲಿತ್ತು. ಇಂಥದ್ದು ನಡೆಯಕೂಡದು ಎಂದು ತಂದೆ ಅಂದು ಆಡಿದ ಮಾತನ್ನು ಎಂಬತ್ತರ ಸಮೀಪದಲ್ಲಿ ನೆನೆಯುವಾಗಲೂ ಬ್ರೂಬೆಕ್ ಕಣ್ಣೀರಿಟ್ಟರು. ಎರಡನೆಯ ಮಹಾಯುದ್ಧದ ವೇಳೆ ಯುರೋಪಿನಲ್ಲಿ ಅವರು ಕಟ್ಟಿದ ಸೈನಿಕರ ವಾದ್ಯತಂಡದಲ್ಲಿ ಕಪ್ಪುವರ್ಣೀಯರೂ ಬಿಳಿಯರೂ ಜತೆಗೂಡಿ ನುಡಿಸಿದರು. ಅಮೆರಿಕದ ಸೇನೆ ಆಗಿನ್ನೂ ವರ್ಣಕ್ಕನುಗುಣವಾಗಿ ವಿಭಜನೆಗೊಂಡಿತ್ತು. 1960ರಲ್ಲಿ ದಕ್ಷಿಣ ರಾಜ್ಯಗಳ ಕಾಲೇಜುಗಳು, ತಂಡದ ಕಪ್ಪುವರ್ಣೀಯ ಸದಸ್ಯ ಯೂಜೀನ್ ರೈಟ್ ಅವರ ಬದಲಿಗೆ ಬಿಳಿಯನೊಬ್ಬನನ್ನು ಕರೆತರುವಂತೆ ಷರತ್ತು ಹಾಕಿದವು. ಬ್ರೂಬೆಕ್ ಒಪ್ಪಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕಛೇರಿಗಳು ರದ್ದಾದವು. ನಷ್ಟ ಸಣ್ಣದೇನಲ್ಲ. ದೇವಾಲಯದ ಮೆಟ್ಟಿಲು ಹತ್ತುವ ಎಷ್ಟೋ ವರ್ಷ ಮೊದಲೇ ಆ ಮನುಷ್ಯ ಸುವಾರ್ತೆಯ ಒಂದು ಪುಟವನ್ನು ಬದುಕಿದ್ದರೆಂದು ನಮಗೆ ತೋರುತ್ತದೆ.

1958ರಲ್ಲಿ ಅಮೆರಿಕದ ಸರ್ಕಾರ ಈ ನಾಲ್ವರ ತಂಡವನ್ನು ಪೋಲೆಂಡ್, ತುರ್ಕಿ, ಭಾರತ ಮೊದಲಾದ ದೇಶಗಳಿಗೆ ಕಳುಹಿಸಿತು. ಮುಂಬಯಿಯಲ್ಲಿ ಸಿತಾರ್ ವಾದಕ ಅಬ್ದುಲ್ ಹಲೀಂ ಜಾಫರ್ ಖಾನ್, ಮದ್ರಾಸಿನಲ್ಲಿ ಮೃದಂಗ ವಿದ್ವಾನ್ ಪಳನಿ ಸುಬ್ರಹ್ಮಣ್ಯ ಪಿಳ್ಳೆ ಇವರೊಡನೆ ತಂಡ ಕೂಡಿ ನುಡಿಸಿತು. ಇಸ್ತಾಂಬುಲಿನ ಬೀದಿವಾದಕರಿಂದ ಬ್ರೂಬೆಕ್ ಕೇಳಿ ಕಲಿತದ್ದು ಒಂಬತ್ತರ ಲಯ. ನಮ್ಮ ಕೊನ್ನಕ್ಕೋಲಿನ ಭಾಷೆಯಲ್ಲಿ ಹೇಳುವುದಾದರೆ ‘ತಕ ತಕ ತಕ ತಕಿಟ’. 1959ರಲ್ಲಿ ಬಂದ ‘ಟೈಮ್ ಔಟ್’ ಧ್ವನಿಮುದ್ರಿಕೆಯ ಮೊದಲ ರಚನೆ ಅದೇ. ಅದರಲ್ಲಿಯೇ ಇರುವ ‘ಟೇಕ್ ಫೈವ್’ ಐದರ ಎಣಿಕೆಯದು; ನಮ್ಮ ಖಂಡ ಛಾಪು ಎರಡು-ಮೂರಾದರೆ ಅದು ಮೂರು-ಎರಡು. ಇಂಥ ಲಯಕ್ಕೆ ಯಾರು ನರ್ತಿಸಿಯಾರು ಎಂದು ಧ್ವನಿಮುದ್ರಣ ಸಂಸ್ಥೆಯವರು ಹಿಂಜರಿದರಂತೆ. ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದವು. ‘ಟೇಕ್ ಫೈವ್’ ಬ್ರೂಬೆಕ್ ಅವರ ರಚನೆಯೆಂದೇ ಅನೇಕರು ಭಾವಿಸಿದ್ದಾರೆ. ಅದು ತಂಡದ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್ ಅವರದು. 1977ರಲ್ಲಿ ತೀರಿಕೊಂಡ ಡೆಸ್ಮಂಡ್ ಅದರ ಗೌರವಧನವನ್ನು ರೆಡ್ ಕ್ರಾಸ್ ಸಂಸ್ಥೆಗೆ ಬರೆದಿಟ್ಟರು.

ಯುದ್ಧಭೂಮಿಯನ್ನು ಕಂಡು ಬಂದವರಿಗೆ ಶತ್ರುಗಳನ್ನು ಪ್ರೀತಿಸಿರಿ ಎಂಬ ಪ್ರಭುವಿನ ಆಜ್ಞೆ ಮರೆಯಲಾಗದ ಒಗಟಾಗಿ ಉಳಿದಿತ್ತು. ಅದರ ಸುತ್ತ ಬೆಳೆದದ್ದೇ 1968ರ ‘ದಿ ಲೈಟ್ ಇನ್ ದಿ ವಿಲ್ಡರ್‌ನೆಸ್’ ಎಂಬ ಗಾನರೂಪಕ. ಆದರೂ ಅವರು ಯಾವ ಸಭೆಗೂ ಸೇರಿದವರಲ್ಲ. ‘ಅವರ್ ಸಂಡೇ ವಿಸಿಟರ್’ ಎಂಬ ಕಥೋಲಿಕ ವಾರಪತ್ರಿಕೆಯ ಸಂಪಾದಕ ಎಡ್ ಮರ್ರಿ, ಹೊಸ ಆಂಗ್ಲ ಪೂಜಾವಿಧಿಗೆ ಸಂಗೀತ ರಚಿಸಿಕೊಡಬೇಕೆಂದು ಕೇಳಿದಾಗ, ಆ ವಿಧಿ ತಮಗೆ ತಿಳಿಯದೆಂದು ಬ್ರೂಬೆಕ್ ನಿರಾಕರಿಸಿದರು. ಸಂಪಾದಕರು ಬೆನ್ನು ಬಿಡಲಿಲ್ಲ. ಕೊನೆಗೆ ಸಿದ್ಧವಾದದ್ದು ‘ಟು ಹೋಪ್! ಎ ಸೆಲೆಬ್ರೇಶನ್’. ಅದನ್ನು ಕೇಳಿದ ಗುರುಗಳೊಬ್ಬರು ಮೆಚ್ಚಿಕೊಂಡು, ಪ್ರಭು ಕಲಿಸಿದ ಪ್ರಾರ್ಥನೆ ಮಾತ್ರ ಇದರಲ್ಲಿ ಇಲ್ಲವಲ್ಲ ಎಂದರು. ಅದನ್ನು ಸೇರಿಸಬೇಕೆಂದು ತಮಗೆ ಯಾರೂ ಹೇಳಿರಲಿಲ್ಲವೆಂದೂ, ಕೃತಿ ಮುಗಿದಾಯಿತೆಂದೂ ಬ್ರೂಬೆಕ್ ಉತ್ತರಿಸಿ ಕುಟುಂಬದೊಡನೆ ರಜೆಗೆ ಹೊರಟರು. ಆ ರಜೆಯ ಒಂದು ರಾತ್ರಿ ಇಡೀ ಪ್ರಾರ್ಥನೆ ವೃಂದಗಾನ ಸಹಿತ ಕನಸಿನಲ್ಲಿ ಕೇಳಿಸಿತು. ಎದ್ದವರೇ ಬರೆದಿಟ್ಟರು. ಇನ್ನು ತಡಮಾಡಬಾರದೆಂದು ಅನ್ನಿಸಿ 1980ರಲ್ಲಿ ಧರ್ಮಸಭೆಯನ್ನು ಸೇರಿದರು. ಇದನ್ನು ಮತಾಂತರವೆಂದು ಕರೆಯಲು ಅವರು ಒಪ್ಪುತ್ತಿರಲಿಲ್ಲ. ಬಿಟ್ಟು ಬರಲು ಹಿಂದೆ ಯಾವ ಮತವೂ ತಮಗಿರಲಿಲ್ಲವೆಂಬುದು ಅವರ ವಾದ.

ಮದ್ಯಗೃಹಗಳಲ್ಲಿ ಬೆಳೆದ ಸಂಗೀತಕ್ಕೆ ಪೂಜಾಪೀಠದ ಬಳಿ ಏನು ಕೆಲಸ ಎಂದು ಕೇಳುವವರು ಇದ್ದಾರೆ. ಪ್ರಶ್ನೆ ಅಸಂಗತವೇನಲ್ಲ. ಆಯಾ ಜನಾಂಗದ ಸಂಗೀತ ಪರಂಪರೆಗೆ ಪೂಜಾವಿಧಿಯಲ್ಲಿ ತಕ್ಕ ಸ್ಥಾನವಿರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿತು. ಆ ಮಾತನ್ನು ನಂಬಿ ನಮ್ಮವರು ತಬಲ, ಹಾರ್ಮೋನಿಯಂಗಳನ್ನು ದೇವಾಲಯದೊಳಕ್ಕೆ ತಂದಾಗಲೂ ಇದೇ ಪ್ರಶ್ನೆ ಎದ್ದಿತ್ತು. ವಿದ್ಯುತ್ ಕೀಬೋರ್ಡಿನ ಗುಂಡಿಯೊತ್ತಿ, ಅದು ಕೊಟ್ಟ ಸಿದ್ಧ ತಾಳಕ್ಕೆ ಎಲ್ಲ ಗೀತೆಗಳನ್ನೂ ಕಟ್ಟಿಹಾಕುವ ಗಾನವೃಂದಗಳನ್ನು ಕೇಳುವಾಗ, ಪಠ್ಯದ ಒಂದೊಂದು ಪದದ ನಡೆಯನ್ನೂ ಅರಸಿದ ಬ್ರೂಬೆಕ್ ನಮಗಂತೂ ಹೆಚ್ಚು ಹತ್ತಿರದವರೆನ್ನಿಸುತ್ತಾರೆ. ಅವರು ಮದ್ರಾಸಿಗೆ ಬಂದು ಹೋದ ಆರು ವರ್ಷಗಳಿಗೆ, 1964ರಲ್ಲಿ, ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸ್ಥಾಪಿಸಿದರು. ಆ ಬಳಗ, ಗಾಯಕಿ ಆರ್.ಎ. ರಮಾಮಣಿಯವರ ಕಂಠದೊಡನೆ, ಅಮೆರಿಕದ ಜಾಝ್ ಕಲಾವಿದ ಚಾರ್ಲಿ ಮಾರಿಯಾನೋ ಜತೆಗೂಡಿ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು ಹೊರತಂದಿತು. ಐದು, ಏಳು, ಒಂಬತ್ತುಗಳು ಅಲ್ಲಿ ಯಾರಿಗೂ ಹೊಸತಾಗಿರಲಿಲ್ಲ.

1987ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಾಗ, ಕ್ರೀಡಾಂಗಣದ ಬಲಿಪೂಜೆಗೆ ಬ್ರೂಬೆಕ್ ಸಂಗೀತ ರಚಿಸಿದರು. 2006ರಲ್ಲಿ ನೋಟ್ರ ಡೇಮ್ ವಿಶ್ವವಿದ್ಯಾಲಯ ಕಥೋಲಿಕರಿಗೆ ನೀಡುವ ಲೇತಾರೆ ಪದಕ ಅವರಿಗೆ ಸಂದಿತು. 2012ರ ಡಿಸೆಂಬರ್ 5ರಂದು, ತೊಂಬತ್ತೆರಡು ತುಂಬಲು ಒಂದೇ ದಿನವಿರುವಾಗ, ಅವರು ಕಣ್ಮುಚ್ಚಿದರು. ಅವರ ಪುತ್ರರಲ್ಲಿ ನಾಲ್ವರು ಸಂಗೀತವನ್ನೇ ವೃತ್ತಿಯಾಗಿ ಆರಿಸಿಕೊಂಡವರು.