ಕುಗ್ಗಿದ ಮನಸ್ಸಿಗೆ ನೋವಿನ ಮಾತ್ರೆ ಮದ್ದಾದೀತೆ?

ಹಾಸನ ಜಿಲ್ಲೆಯ ಹರದನಹಳ್ಳಿ, ಹೊಳೆನರಸೀಪುರ, ಅರಕಲಗೂಡು ಕಡೆಯ ಊರುಗಳಲ್ಲಿ ಗಂಡಸರಿಗೆ ಮೂತ್ರ ಉರಿದರೆ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎಳನೀರು ಕುಡಿಸುತ್ತಾರೆ, ಬಾರ್ಲಿ ನೀರು ಕಾಯಿಸುತ್ತಾರೆ, ನೆತ್ತಿಗೆ ಹರಳೆಣ್ಣೆ ಹಚ್ಚುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಸರಿಹೋಗದೆ ಉರಿ ತಿಂಗಳುಗಟ್ಟಲೆ ಉಳಿದಾಗ ಮಾತ್ರ ಮಾತು ನಿಲ್ಲುತ್ತದೆ. ವೃಷಣದ ಹಿಂದೆ, ಕೆಳಹೊಟ್ಟೆಯಲ್ಲಿ, ಸೊಂಟದ ತಳದಲ್ಲಿ ಮಂದವಾದ ನೋವು. ಹೊತ್ತುಹೊತ್ತಿಗೆ ಮೂತ್ರಕ್ಕೆ ಅವಸರ. ಹೆಂಡತಿಯ ಜೊತೆ ಸೇರಿದ ಮೇಲೆ ಇನ್ನಷ್ಟು ನೋವು. ಟ್ರ್ಯಾಕ್ಟರ್ ಮೇಲೋ ಬೈಕಿನ ಮೇಲೋ ಹೆಚ್ಚು ಹೊತ್ತು ಕೂತರೆ ಸಂಜೆಗೆ ತಡೆಯಲಾಗದ ಹಿಂಸೆ. ಇದನ್ನು ಯಾರ ಹತ್ತಿರ ಹೇಳುವುದು?

ವೈದ್ಯರು ಇದನ್ನು ದೀರ್ಘಕಾಲದ ಪ್ರಾಸ್ಟೇಟ್ ಉರಿಯೂತ ಅಥವಾ ಪೆಲ್ವಿಕ್ ನೋವಿನ ಸಿಂಡ್ರೋಮ್ ಎನ್ನುತ್ತಾರೆ. ಪ್ರಾಸ್ಟೇಟ್ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ, ನೆಲ್ಲಿಕಾಯಿ ಗಾತ್ರದ ಗ್ರಂಥಿ. ವಯಸ್ಸಾದವರಲ್ಲಿ ಅದು ದಪ್ಪಗಾಗಿ ಮೂತ್ರ ಕಟ್ಟುವುದು ಬೇರೆಯೇ ತೊಂದರೆ. ಈ ನೋವು 50 ದಾಟದ, ದುಡಿಯುವ ವಯಸ್ಸಿನವರನ್ನೂ ಬಿಡುವುದಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳ ಪ್ರಕಾರ ನೂರು ಗಂಡಸರಲ್ಲಿ 2ರಿಂದ 10 ಮಂದಿಗೆ ಇಂಥ ಲಕ್ಷಣಗಳಿವೆ. ಅವರಲ್ಲಿ ಶೇಕಡ 90ಕ್ಕೂ ಹೆಚ್ಚು ಜನರ ಮೂತ್ರದಲ್ಲಾಗಲಿ ಪ್ರಾಸ್ಟೇಟ್ ದ್ರವದಲ್ಲಾಗಲಿ ರೋಗಾಣು ಸಿಗುವುದೇ ಇಲ್ಲ. ಆದ್ದರಿಂದಲೇ ಒಂದಾದ ಮೇಲೊಂದು ಆ್ಯಂಟಿಬಯಾಟಿಕ್ ನುಂಗಿದರೂ ನೋವು ಹಾಗೇ ಇರುತ್ತದೆ. ಸ್ಕ್ಯಾನಿಂಗ್ ರಿಪೋರ್ಟ್ ‘ನಾರ್ಮಲ್’ ಎನ್ನುತ್ತದೆ, ನೋವು ಮಾತ್ರ ನಾರ್ಮಲ್ ಆಗುವುದಿಲ್ಲ.

ಇಲ್ಲಿಂದ ಮನಸ್ಸು ಕುಗ್ಗಲು ಶುರುವಾಗುತ್ತದೆ. ಈ ರೋಗಿಗಳ ದಿನನಿತ್ಯದ ಬದುಕಿನ ಮೇಲೆ ಬೀಳುವ ಹೊಡೆತ ಹೃದಯಾಘಾತವಾದವರ, ಕರುಳಿನ ಕ್ರೋನ್ಸ್ ಕಾಯಿಲೆ ಇರುವವರ ಸಂಕಟಕ್ಕೆ ಸಮ ಎಂದು 1990ರ ದಶಕದಲ್ಲೇ ಅಳೆದು ನೋಡಲಾಗಿದೆ. ನಮ್ಮಲ್ಲಿ ಅದರ ಮೇಲೊಂದು ಹೊರೆ ಇದೆ, ‘ಧಾತು’, ಅಂದರೆ ವೀರ್ಯ, ‘ಹೋಗುತ್ತಿದೆ’ ಎಂಬ ಭಯ. ಧಾತು ನಷ್ಟವಾಯಿತೆಂದು ನಂಬಿ ನಿಶ್ಶಕ್ತಿ, ಆತಂಕ, ಖಿನ್ನತೆಗೆ ಬೀಳುವ ಗಂಡಸರ ಸ್ಥಿತಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಗೋಡೆಗಳ ಮೇಲಿನ ‘ಗುಪ್ತರೋಗ’ ಜಾಹೀರಾತುಗಳು, ತಿಂಗಳಿಗೊಮ್ಮೆ ಲಾಡ್ಜ್‌ನಲ್ಲಿ ಕೂರುವ ‘ತಜ್ಞರು’ ಬದುಕುತ್ತಿರುವುದು ಈ ಭಯದ ಮೇಲೇ. ಅವರ ಪುಡಿ, ಲೇಹ್ಯಗಳಿಗೆ ಸಾವಿರಾರು ರೂಪಾಯಿ ಸುರಿದ ಮೇಲೂ ನೋವು ಉಳಿದಾಗ ತನ್ನ ಗಂಡಸುತನವೇ ಮುಗಿಯಿತೆಂದು ನಂಬಿಬಿಡುವವರಿದ್ದಾರೆ. ನಿದ್ದೆ ಹೋಗುತ್ತದೆ, ಊಟ ರುಚಿಸುವುದಿಲ್ಲ, ತೋಟದ ಕೆಲಸಕ್ಕೆ ಮನಸ್ಸು ಬರುವುದಿಲ್ಲ.

ಹೀಗಿರುವಾಗ ಯಾರೋ ಕೊಡಿಸಿದ ಒಂದು ನೋವಿನ ಮಾತ್ರೆ ವಿಚಿತ್ರ ಕೆಲಸ ಮಾಡುತ್ತದೆ. ನೋವಷ್ಟೇ ಅಲ್ಲ, ಎದೆಯ ಮೇಲಿನ ಭಾರವೂ ಇಳಿದಂತಾಗುತ್ತದೆ. ಆ ಮಾತ್ರೆ ಬಹುಮಟ್ಟಿಗೆ ಟ್ರಮಡಾಲ್ ಆಗಿರುತ್ತದೆ, ಇಲ್ಲವೇ ಅದೇ ಕುಲದ ಟಪೆಂಟಡಾಲ್. ಇವು ಓಪಿಯಾಯ್ಡ್‌ಗಳು, ಅಂದರೆ ಅಫೀಮಿನಂತೆ ಕೆಲಸ ಮಾಡುವ ಔಷಧಗಳು. ಹಬ್ಬಕ್ಕೆ ಪಾಯಸ ಮಾಡುವ ಗಸಗಸೆ ಯಾವ ಗಿಡದ ಬೀಜವೋ ಅದೇ ಗಿಡದ ಕಾಯಿ ಗೀರಿದಾಗ ಒಸರುವ ಹಾಲೇ ಅಫೀಮು. ಮಾರ್ಫಿನ್ ಬರುವುದು ಅದರಿಂದ. ಟ್ರಮಡಾಲ್ ಪ್ರಯೋಗಾಲಯದಲ್ಲಿ ತಯಾರಾದದ್ದು. ಅದು ಓಪಿಯಾಯ್ಡ್ ಕೆಲಸದ ಜೊತೆಗೆ ಮಿದುಳಿನ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನೂ ಹೆಚ್ಚಿಸುತ್ತದೆ. ಖಿನ್ನತೆಯ ಮಾತ್ರೆಗಳು ಮುಟ್ಟುವುದೂ ಅವನ್ನೇ. ಆದ್ದರಿಂದ ‘ಇದನ್ನು ತಗೊಂಡ್ರೆ ಮನಸ್ಸೂ ಸರಿಯಾಗುತ್ತೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮೊದಲ ಕೆಲವು ದಿನ ಅದು ನಿಜವೇ. ಪ್ರಶ್ನೆ ಇರುವುದು ಆಮೇಲಿನ ತಿಂಗಳುಗಳದು.

ಅಫೀಮಿನಿಂದ ಖಿನ್ನತೆಗೆ ಮದ್ದು ಮಾಡುವ ಯೋಚನೆ ಹೊಸದಲ್ಲ. 19ನೇ ಶತಮಾನದ ಜರ್ಮನಿಯಲ್ಲಿ ಎಂಗೆಲ್ಕೆನ್ ಎಂಬ ವೈದ್ಯ ಮನೆತನ ವಿಷಣ್ಣತೆಯ ರೋಗಿಗಳಿಗೆ ಅಫೀಮು ಕೊಡುವುದರಲ್ಲೇ ಹೆಸರು ಮಾಡಿತ್ತು. ಆಧುನಿಕ ಮನೋವೈದ್ಯಕ್ಕೆ ಅಡಿಪಾಯ ಹಾಕಿದ ಎಮಿಲ್ ಕ್ರೆಪೆಲಿನ್ ಕೂಡ ಅದನ್ನು ಶಿಫಾರಸು ಮಾಡಿದ್ದರು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಇಮಿಪ್ರಮಿನ್ ಎಂಬ ಔಷಧ ಖಿನ್ನತೆಗೆ ಕೆಲಸ ಮಾಡುತ್ತದೆಂದು ತೋರಿಸಿದ ಮೇಲೆ ಅಫೀಮು ಹಿಂದೆ ಸರಿಯಿತು. ಪೂರ್ತಿ ಮರೆಯಾಗಲಿಲ್ಲ. 1995ರಲ್ಲಿ ಅಮೆರಿಕದ ವೈದ್ಯರು ಬೇರೆ ಔಷಧಕ್ಕೆ ಜಗ್ಗದ ಖಿನ್ನತೆಯ ಹತ್ತು ರೋಗಿಗಳಿಗೆ ಬ್ಯುಪ್ರಿನಾರ್ಫಿನ್ ಎಂಬ ಓಪಿಯಾಯ್ಡ್ ಕೊಟ್ಟು ನೋಡಿದರು. ಮೂವರಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ, ಉಳಿದ ಏಳು ಮಂದಿಯಲ್ಲಿ ನಾಲ್ವರ ಖಿನ್ನತೆ ಬಿಟ್ಟುಹೋಯಿತು. ಈ ಆಸೆಯ ಮೇಲೆ ಒಂದು ಕಂಪನಿ ಬ್ಯುಪ್ರಿನಾರ್ಫಿನ್‌ಗೆ ಚಟ ಹತ್ತದಂತೆ ಇನ್ನೊಂದು ಔಷಧ ಬೆರೆಸಿ ಮಾತ್ರೆ ತಯಾರಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಂದೆ ನಿಂತಿತು. 2018ರ ನವೆಂಬರ್‌ನಲ್ಲಿ ತಜ್ಞರ ಸಮಿತಿಯ 21 ಮಂದಿ ಲಾಭಕ್ಕಿಂತ ಅಪಾಯವೇ ಹೆಚ್ಚೆಂದರು, ಇಬ್ಬರು ಮಾತ್ರ ಪರವಾಗಿದ್ದರು. 2019ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕೃತವಾಯಿತು. ಅಷ್ಟೆಲ್ಲ ಹಣ, ಅಷ್ಟೊಂದು ರೋಗಿಗಳ ಪರೀಕ್ಷೆ, ಅಷ್ಟು ಎಚ್ಚರದಿಂದ ತಯಾರಾದ ಓಪಿಯಾಯ್ಡ್ ಕೂಡ ಖಿನ್ನತೆಯ ಮದ್ದೆಂದು ಗೆಲ್ಲಲಿಲ್ಲ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಸ್ಟ್ರಿಪ್ ಗೆಲ್ಲುತ್ತದೆಂದು ನಂಬಲು ಯಾವ ಕಾರಣವೂ ಇಲ್ಲ.

ಮನಸ್ಸಿಗೆ ಬೇಡ, ನೋವಿಗಾದರೂ ಆಗಲಿ ಎನ್ನೋಣವೇ? 2018ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 240 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಎಲ್ಲರಿಗೂ ದೀರ್ಘಕಾಲದ ಬೆನ್ನುನೋವು, ಇಲ್ಲವೇ ಮಂಡಿ, ಸೊಂಟದ ಕೀಲುನೋವು. ಅರ್ಧ ಜನರಿಗೆ ಓಪಿಯಾಯ್ಡ್, ಇನ್ನರ್ಧಕ್ಕೆ ಬೇರೆ ಮಾಮೂಲಿ ನೋವು ಔಷಧಗಳು. ಒಂದು ವರ್ಷ ಕಳೆದ ಮೇಲೆ ದೈನಂದಿನ ಕೆಲಸ ಮಾಡುವ ಶಕ್ತಿಯಲ್ಲಿ ಓಪಿಯಾಯ್ಡ್ ಗುಂಪು ಮುಂದಿರಲಿಲ್ಲ. ನೋವಿನ ಅಳತೆಯಲ್ಲಿ ಸ್ವಲ್ಪ ಹಿಂದೆಯೇ ಇತ್ತು. ಅದಕ್ಕೂ ಎರಡು ವರ್ಷ ಮೊದಲು, ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ನೋಡಿದ ಮತ್ತೊಂದು ಅಧ್ಯಯನ, 30 ದಿನಕ್ಕಿಂತ ಹೆಚ್ಚು ಕಾಲ ಓಪಿಯಾಯ್ಡ್ ತೆಗೆದುಕೊಂಡವರಲ್ಲಿ ಹೊಸದಾಗಿ ಖಿನ್ನತೆ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚೆಂದು ಹೇಳಿತ್ತು.

ಈ ಗಂಡಸರ ನೋವಿನ ವಿಷಯದಲ್ಲಿ ಲೆಕ್ಕ ಇನ್ನೂ ಕೆಡುತ್ತದೆ. ಓಪಿಯಾಯ್ಡ್ ದೀರ್ಘಕಾಲ ಒಳಗೆ ಹೋದರೆ ವೃಷಣಕ್ಕೆ ‘ಹಾರ್ಮೋನ್ ತಯಾರಿಸು’ ಎಂದು ಮಿದುಳಿನಿಂದ ಹೋಗುವ ಸೂಚನೆ ಕುಂದುತ್ತದೆ, ಟೆಸ್ಟೊಸ್ಟಿರಾನ್ ಇಳಿಯುತ್ತದೆ. ಅದು ಇಳಿದರೆ ಕಾಮಾಸಕ್ತಿ ಕಡಿಮೆ, ನಿಮಿರುವಿಕೆ ಕಷ್ಟ, ಮೈಯಲ್ಲಿ ಸುಸ್ತು, ಮನಸ್ಸಿನಲ್ಲಿ ಮಂಕು. ತನ್ನ ಗಂಡಸುತನದ ಬಗ್ಗೆ ಮೊದಲೇ ಹೆದರಿರುವವನಿಗೆ ಇದಕ್ಕಿಂತ ಕ್ರೂರವಾದ ಅಡ್ಡಪರಿಣಾಮ ಬೇಕೆ? ಜೊತೆಗೆ ಮಲಬದ್ಧತೆ, ತಿಣುಕುವಾಗ ಮೊದಲೇ ಬಿಗಿದಿರುವ ಸೊಂಟದ ತಳದ ಸ್ನಾಯುಗಳು ಇನ್ನಷ್ಟು ಬಿಗಿಯುತ್ತವೆ. ಮೂತ್ರ ಸಲೀಸಾಗಿ ಬರುವುದಿಲ್ಲ. ದಿನ ಕಳೆದಂತೆ ಅದೇ ಪರಿಣಾಮಕ್ಕೆ ಹೆಚ್ಚು ಮಾತ್ರೆ ಬೇಕಾಗುತ್ತದೆ, ಕೆಲವರಲ್ಲಿ ನರಗಳೇ ಸೂಕ್ಷ್ಮವಾಗಿ ಸಣ್ಣ ನೋವೂ ದೊಡ್ಡದಾಗುತ್ತದೆ. ಖಿನ್ನತೆಯ ಮಾತ್ರೆಯ ಜೊತೆ ಟ್ರಮಡಾಲ್ ಸೇರಿದರೆ ಸೆರೊಟೋನಿನ್ ಮಿತಿಮೀರಿ ಜ್ವರ, ನಡುಕ, ಗೊಂದಲ ಬರಬಹುದು, ಫಿಟ್ಸ್ ಕೂಡ ಬರಬಹುದು. ಸಂಜೆಯ ಮದ್ಯದ ಜೊತೆ ಸೇರಿದರೆ ಉಸಿರೇ ನಿಧಾನವಾಗುತ್ತದೆ.

ಕಾನೂನಿಗೂ ಈ ಅಪಾಯ ಗೊತ್ತಿದೆ. 2018ರಲ್ಲಿ ಟ್ರಮಡಾಲ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಅಡಿಗೆ ಬಂತು. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಶೇಕಡ 2.1 ಜನ ಯಾವುದಾದರೊಂದು ಓಪಿಯಾಯ್ಡ್ ಬಳಸುತ್ತಾರೆ. ಅವರಲ್ಲಿ ಅಫೀಮು ತಿನ್ನುವವರಿಗಿಂತ ಔಷಧದಂಗಡಿಯ ಓಪಿಯಾಯ್ಡ್ ಬಳಸುವವರೇ ಹೆಚ್ಚು.

ಇಷ್ಟು ಹೇಳಿ ಓಪಿಯಾಯ್ಡ್ ಎಂದರೆ ವಿಷ ಎಂದುಬಿಟ್ಟರೆ ಅದು ಇನ್ನೊಂದು ಅನ್ಯಾಯ. ಕ್ಯಾನ್ಸರಿನ ಕೊನೆಯ ಹಂತದವರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ಮಾರ್ಫಿನ್ ನಿಜವಾದ ಕರುಣೆ. 1985ರ ಇದೇ ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಲ್ಲಿ ಅದು ಸಿಗದೆ ನರಳಿದವರು ಅಸಂಖ್ಯ. 2014ರ ತಿದ್ದುಪಡಿ ಬಂದದ್ದೇ ಆ ನರಳಿಕೆ ತಪ್ಪಿಸಲು. ಬೆಂಗಳೂರಿನ ಕಿದ್ವಾಯಿ, ಕರುಣಾಶ್ರಯಗಳಂಥ ಕಡೆ ಅದರ ಬೆಲೆ ಏನೆಂದು ಪ್ರತಿದಿನ ಕಾಣುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹಬ್ಬಿದ ಹಿರಿಯರಿಗೆ ಮಾರ್ಫಿನ್ ಬೇಡ ಎನ್ನುವುದು ತಪ್ಪು. 35ರ ರೈತನ ವರ್ಷಗಟ್ಟಲೆಯ ಕಿಬ್ಬೊಟ್ಟೆ ನೋವಿಗೂ ಅದರಿಂದ ಹುಟ್ಟಿದ ಖಿನ್ನತೆಗೂ ಅದೇ ಕುಲದ ಮಾತ್ರೆ ಕೊಡುವುದೂ ತಪ್ಪು.

ಹಾಗಾದರೆ ಏನು ಮಾಡುವುದು? 2009ರಲ್ಲಿ ಅಮೆರಿಕ, ಕೆನಡಾದ ಮೂತ್ರರೋಗ ತಜ್ಞರು ಈ ರೋಗಿಗಳನ್ನು ನೋಡುವ ರೀತಿಯನ್ನೇ ಬದಲಿಸಿದರು. ಮೂತ್ರದ ತೊಂದರೆ, ಮನಸ್ಸು, ಪ್ರಾಸ್ಟೇಟ್, ಸೋಂಕು, ನರ, ಸ್ನಾಯು ಎಂದು ಆರು ಕಡೆಯಿಂದ ಒಬ್ಬನೇ ರೋಗಿಯನ್ನು ನೋಡಿ, ಯಾವುದು ಕೆಟ್ಟಿದೆಯೋ ಅದಕ್ಕೆಲ್ಲ ಒಟ್ಟಿಗೇ ಚಿಕಿತ್ಸೆ. ಮೂತ್ರ ಕಟ್ಟಿದರೆ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ. ಸ್ನಾಯು ಬಿಗಿದಿದ್ದರೆ ಅದನ್ನು ಸಡಿಲಿಸುವ ಫಿಸಿಯೋಥೆರಪಿ. ನರನೋವೂ ಖಿನ್ನತೆಯೂ ಒಟ್ಟಿಗಿದ್ದರೆ ಡುಲಾಕ್ಸೆಟಿನ್‌ನಂಥ ಔಷಧ ಎರಡಕ್ಕೂ ನೆರವಾಗಬಲ್ಲದು. ಇದೇ ಕೆಲಸಕ್ಕೆ ಬಳಸುವ ಅಮಿಟ್ರಿಪ್ಟಿಲಿನ್ ಕೊಡುವಾಗ ಮಾತ್ರ ಮೂತ್ರ ಕಟ್ಟುವವರ ವಿಷಯದಲ್ಲಿ ವೈದ್ಯರು ಎಚ್ಚರ ವಹಿಸಬೇಕು. ಯಾವುದೂ ಒಂದು ವಾರದಲ್ಲಿ ಪವಾಡ ಮಾಡುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು, ರೋಗಿಯನ್ನು ಸೋಲಿಸುವುದೂ ಈ ಕಾಯುವಿಕೆಯೇ. ಓಪಿಯಾಯ್ಡ್ ಒಂದು ಗಂಟೆಯಲ್ಲಿ ಕೊಡುವ ಸುಖದ ಮುಂದೆ ಇವು ಸಪ್ಪೆ ಎನಿಸುವುದು ಸಹಜ. ಆದ್ದರಿಂದ ಚೀಟಿ ಬರೆಯುವ ವೈದ್ಯರು ಎಷ್ಟು ದಿನ ಕಾಯಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ರೋಗಿಯನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಬೇಕು.

ಹಾಸನ ಜಿಲ್ಲೆಯವರಿಗೆ ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕಾಗಿಲ್ಲ. 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶವೇ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗಬೇಕು ಎಂಬುದು. ಯಾರಿಗೂ ಮುಖ ತೋರಿಸಲು ಮನಸ್ಸಿಲ್ಲದವರಿಗೆ, ಬದುಕೇ ಬೇಡವೆನಿಸುತ್ತಿರುವವರಿಗೆ 2022ರ ಅಕ್ಟೋಬರ್‌ನಿಂದ ಟೆಲಿ-ಮಾನಸ್ ಸಹಾಯವಾಣಿ ಇದೆ: 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ಈಗಾಗಲೇ ತಿಂಗಳುಗಳಿಂದ ಟ್ರಮಡಾಲ್ ನುಂಗುತ್ತಿರುವವರು ಈ ಲೇಖನ ಓದಿ ನಾಳೆಯಿಂದಲೇ ಬಿಡುತ್ತೇನೆಂದು ಹೊರಡಬಾರದು. ದಿಢೀರನೆ ನಿಲ್ಲಿಸಿದರೆ ಬೆವರು, ಮೈಕೈ ನೋವು, ಭೇದಿ, ನಿದ್ದೆಗೇಡು, ಭಯ ಎಲ್ಲ ಒಮ್ಮೆಲೇ ಬರುತ್ತವೆ. ಹಳೆಯ ನೋವು ಇಮ್ಮಡಿಯಾದಂತೆ ಕಂಡು ಜನ ಮತ್ತೆ ಅದೇ ಸ್ಟ್ರಿಪ್‌ಗೆ ಕೈ ಹಾಕುತ್ತಾರೆ. ವೈದ್ಯರ ಮುಂದೆ ನಿಜವಾದ ಲೆಕ್ಕ ಹೇಳಿ, ಪ್ರಮಾಣವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ತೀರಾ ಕಷ್ಟವಾದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಲ್ಲಿಗೆ ಹೋಗುವಾಗ ಹಳೆಯ ಚೀಟಿಗಳು, ಸ್ಕ್ಯಾನಿಂಗ್ ರಿಪೋರ್ಟ್, ಖಾಲಿಯಾದ ಸ್ಟ್ರಿಪ್‌ಗಳು, ಲೇಹ್ಯದ ಡಬ್ಬಿ ಸಮೇತ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.